ಐಸಮ್ಮನ ಕ್ಯಾಸೆಟ್ಟಿನ ಎರಡನೇ ಬದಿ

ಪೆರ್ಲ
4 ಜೂನ್ 2025

ರಂಶೀನಾ ಟೀಚರಿಗೆ,

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಹಿಡಿಸಿ ನಿಮಗೆ ಎಂತ ಸಿಗುತ್ತದೋ ನನಗೆ ಗೊತ್ತಿಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆಮೇಲೆ ಬರೆದದ್ದೆಂದರೆ ಟ್ರಿಪ್ ಶೀಟಿನಲ್ಲಿ ಸಹಿ, ಮತ್ತೆ ಒಂದೇ ಒಂದು ಕಾಗದ. ಆ ಕಾಗದವನ್ನೂ ಬರೆಯದಿದ್ದರೆ ಒಳ್ಳೆಯದಿತ್ತು.

ನನ್ನ ಸೊಸೆ ನಮಿತಾ ಬಿಡುವವಳಲ್ಲ. ವಿದ್ಯಾನಗರದ ಸಿವಿಲ್ ಸ್ಟೇಷನಿನಲ್ಲಿ ಗುಮಾಸ್ತೆಯಾದ ಮೇಲೆ ಮನೆಯಲ್ಲೂ ಅವಳಿಗೆ ಎಲ್ಲರೂ ಅರ್ಜಿದಾರರೇ. ಪೇಟೆಯಿಂದ ನಿಮ್ಮ ಕಾಲೇಜಿನ ಕಡೆ ಹೋಗುವ ಬಸ್ಸಿನಲ್ಲಿ ನೀವೂ ಅವಳೂ ಜೊತೆ ಅಂತೆ. ‘ಬಸ್ಸಿನಲ್ಲಿ ಕೇಳಿದ ಹಾಡುಗಳು’ ಎಂಬ ನಿಮ್ಮ ಫಾರಂ ತಂದು ನನ್ನ ಗಂಜಿಯ ಬಟ್ಟಲಿನ ಪಕ್ಕ ಇಟ್ಟಳು. ಮೂರು ದಿನ ನೋಡಿಯೂ ನೋಡದ ಹಾಗೆ ಇದ್ದೆ. ನಾಲ್ಕನೇ ದಿನ ಗಂಜಿ ಬರಲಿಲ್ಲ, ಫಾರಂ ಮಾತ್ರ ಬಂತು.

ಫೋನಿನಲ್ಲಿ ಹೇಳಿ ಮುಗಿಸುವ ಎಂದರೆ ಅದೂ ಆಗುವುದಿಲ್ಲ. ಎಡಕಿವಿಯನ್ನು ಎಂಜಿನ್ ತಿಂದಿತು. ಆಗಿನ ಬಸ್ಸಿನಲ್ಲಿ ಎಂಜಿನ್ ಡ್ರೈವರನ ಎಡಪಕ್ಕದಲ್ಲೇ, ಮಗುವಿನ ಹಾಗೆ ಕೂತಿರುತ್ತಿತ್ತು. ಮೂವತ್ತೊಂದು ವರ್ಷ ಅದರ ಬೊಬ್ಬೆ ಕೇಳಿದ್ದೇನೆ. ಬಲಕಿವಿ ಈಗ ಹೋಗುತ್ತಾ ಉಂಟು. ಹತ್ತಿರ ಬಂದು ಕೂಗಿದರೆ ಕೇಳುತ್ತದೆ, ಕೂಗಿದರೆ ಸಿಟ್ಟೂ ಬರುತ್ತದೆ.

ನಿಮ್ಮ ಪ್ರಶ್ನೆಗಳಿಗೆ ಉತ್ತರ.

ಯಾವ ರೂಟು? ಕಾಸರಗೋಡು, ಕುಂಬಳೆ, ಬದಿಯಡ್ಕ, ಪೆರ್ಲ, ಅಲ್ಲಿಂದ ಪುತ್ತೂರು. ದಿನಕ್ಕೆ ಎರಡು ಸಲ ಹೋಗಿ ಬರುವುದು.

ಬಸ್ಸಿನಲ್ಲಿ ಯಾವ ಹಾಡು ಹಾಕುತ್ತಿದ್ದಿರಿ? ಯಾವ ಕ್ಯಾಸೆಟ್ಟು ಓಡುತ್ತದೋ ಅದು. ಬೆಳಿಗ್ಗೆ ದೇವರದ್ದು, ಆಮೇಲೆ ಸಿನೆಮಾದ್ದು. ಕುಂಬಳೆ ದಾಟುವವರೆಗೆ ಮಲೆಯಾಳ, ಬದಿಯಡ್ಕದಿಂದ ಮೇಲೆ ಕನ್ನಡ. ಇಲ್ಲದಿದ್ದರೆ ಜನ ಬೈಯುತ್ತಾರೆ.

ಏಳನೇ ಪ್ರಶ್ನೆ: ಆ ಹಾಡು ನಿಮ್ಮಲ್ಲಿ ಯಾವ ಭಾವನೆ ಮೂಡಿಸುತ್ತಿತ್ತು? ಹಸಿದಾಗ ಹಸಿವು, ನಿದ್ದೆ ಬಂದಾಗ ನಿದ್ದೆ. ಡ್ರೈವರನಿಗೆ ಭಾವನೆ ಮೂಡಿದರೆ ಬಸ್ಸು ತೋಡಿಗೆ ಬೀಳುತ್ತದೆ.

ಎಂಟನೇ ಪ್ರಶ್ನೆ: ನಿಮಗೆ ಎಲ್ಲಕ್ಕಿಂತ ಇಷ್ಟವಾದ ಹಾಡು? ಒಂದು ಉಂಟು. ಅದು ಸಿನೆಮಾದ್ದಲ್ಲ, ಅಂಗಡಿಯಲ್ಲಿ ಸಿಕ್ಕಿದ್ದೂ ಅಲ್ಲ. ಅದನ್ನು ಬರೆಯುವುದಿಲ್ಲ. ನಿಮ್ಮ ಕಾಗದದಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ, ಖಾಲಿಯಾಗಿಯೇ ಇರಲಿ.

ಫಾರಂ ಜೊತೆಗಿದ್ದ ಕವರಿನ ಮೇಲೆ ಮೊಗ್ರಾಲ್ ಎಂದು ನೋಡಿದೆ. ಅಲ್ಲಿ ನನಗೆ ಈಗ ಯಾರದ್ದೂ ಪರಿಚಯ ಇಲ್ಲ.

ಇಂತಿ,
ಗುಣಪಾಲ
(ಬಸ್ ಡ್ರೈವರ್ ಆಗಿದ್ದವನು)


ಮೊಗ್ರಾಲ್
19 ಜೂನ್ 2025

ಪ್ರೀತಿಯ ಗುಣಪಾಲಣ್ಣನವರಿಗೆ,

ನಿಮ್ಮ ಏಳನೇ ಉತ್ತರ ಓದಿ ನಾನೂ ನಮಿತಕ್ಕನೂ ನಕ್ಕ ನಗೆಗೆ ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು. ನೂರ ಹತ್ತು ಫಾರಂ ಬಂದಿವೆ, ಇಷ್ಟು ನೇರವಾದ ಉತ್ತರ ಯಾರೂ ಕೊಟ್ಟಿಲ್ಲ. ಆದರೆ ಎಂಟನೆಯದನ್ನು ನೀವು ಖಾಲಿ ಬಿಟ್ಟದ್ದು ನನ್ನ ತಲೆಯಿಂದ ಹೋಗುತ್ತಿಲ್ಲ.

ಒಂದು ವಿಷಯ ನಾನು ಮುಚ್ಚಿಟ್ಟಿದ್ದೆ, ಕ್ಷಮಿಸಬೇಕು. ನಾನು ಖಾಲಿದ್ ಅವರ ಮಗಳು. ಐದು ವರ್ಷ ನಿಮ್ಮ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಖಾಲಿದ್. ‘ಗುಣಪಾಲಣ್ಣ ಬೈದರೆ ಆ ಹಳೇ ಬಸ್ಸು ಕೂಡ ಹೆದರಿ ಚಡವು ಹತ್ತುತ್ತಿತ್ತು’ ಎಂದು ನನ್ನ ಅಪ್ಪ, ನಮ್ಮ ಮಾತಿನಲ್ಲಿ ಉಪ್ಪ, ಈಗಲೂ ಹೇಳುತ್ತಾರೆ. ಶಾರ್ಜಾದಿಂದ ಬಂದು ಆರು ವರ್ಷವಾಯಿತು. ಆರೋಗ್ಯವಾಗಿದ್ದಾರೆ. ಸಂಜೆ ಅಳಿವೆಯ ಹತ್ತಿರ ಹೋಗಿ ಕೂತುಕೊಳ್ಳುತ್ತಾರೆ, ಅಷ್ಟೇ.

ನಾನು ಈ ಹಾಡುಗಳ ಹಿಂದೆ ಬಿದ್ದದ್ದಕ್ಕೆ ಕಾರಣ ನಮ್ಮ ಮನೆ. ನಮ್ಮ ಮನೆಯಲ್ಲಿ ಹಾಡಿಲ್ಲ. ರೇಡಿಯೋ ಇಲ್ಲ, ಟಿವಿಯಲ್ಲಿ ಹಾಡು ಬಂದರೆ ಉಪ್ಪ ಎದ್ದು ಹೋಗುತ್ತಾರೆ. ಮದುವೆ ಮನೆಯಲ್ಲಿ ಹೆಂಗಸರು ಮದರಂಗಿಯ ಸಂಜೆ ಕೈ ತಟ್ಟಿ ಹಾಡಲು ಕೂತರೆ ಸಾಕು, ಅವರು ಚಪ್ಪಲಿ ಹುಡುಕುತ್ತಾರೆ. ಆದರೆ ಅವರ ಉಮ್ಮ, ನನ್ನ ಅಜ್ಜಿ ಐಸಮ್ಮ, ಈ ಊರಿನ ದೊಡ್ಡ ಹಾಡುಗಾರ್ತಿಯಂತೆ. ಮೂರು ತಲೆಮಾರಿನ ಮದುಮಗಳಂದಿರನ್ನು ಹಾಡಿ ಕಳಿಸಿಕೊಟ್ಟವರು. ಅವರ ದನಿ ಎಲ್ಲಿಯೂ ಉಳಿದಿಲ್ಲ. ಒಂದು ಫೋಟೋ ಮಾತ್ರ ಉಂಟು, ಅದರಲ್ಲಿಯೂ ಬಾಯಿ ಮುಚ್ಚಿದ್ದಾರೆ.

ಉಪ್ಪ ಗಲ್ಫಿಗೆ ಹೊರಟ ದಿನ ಅಜ್ಜಿ, ‘ಈ ಹೊಸ್ತಿಲು ದಾಟಿದರೆ ನನ್ನನ್ನು ಉಮ್ಮಾ ಎಂದು ಕರೆಯಬೇಡ’ ಎಂದರಂತೆ. ಅಜ್ಜ ಹಿಂದೆ ಲಾಂಚಿನಲ್ಲಿ ಕಡಲು ದಾಟಿ ಹೋಗಿ ಮತ್ತೆ ಬಂದಿರಲಿಲ್ಲ, ಅದರ ಹೆದರಿಕೆ. ಉಪ್ಪ ದಾಟಿದರು. ಏಳು ತಿಂಗಳಾಗುವಾಗ ಅಜ್ಜಿ ತೀರಿಕೊಂಡರು. ಆ ಏಳು ತಿಂಗಳಲ್ಲಿ ಅವರಿಂದ ಒಂದು ಮಾತೂ ಹೋಗಲಿಲ್ಲ. ‘ಉಮ್ಮ ಸಿಟ್ಟಿನಲ್ಲೇ ಹೋದರು’ ಎಂದು ಉಪ್ಪ ನನ್ನ ಹತ್ತಿರ ಹೇಳಿದ್ದು ಜೀವನದಲ್ಲಿ ಒಂದೇ ಸಲ.

ಅಜ್ಜಿ ಹಾಡುವುದನ್ನು ನೀವು ಕೇಳಿದ್ದೀರಾ? ಒಂದು ಸಾಲಾದರೂ ನೆನಪಿದ್ದರೆ ಬರೆಯಿರಿ. ‘ಗುಣಪಾಲಣ್ಣನಿಗೆ ಗೊತ್ತಿರಬಹುದು. ಆದರೆ ನೀನು ಕೇಳಬೇಡ, ಅವರಿಗೆ ನನ್ನ ಮೇಲೆ ಎಂತದೋ ಬೇಜಾರುಂಟು’ ಎಂದಿದ್ದಾರೆ ಉಪ್ಪ. ಬೇಡ ಎಂದರೂ ಕೇಳುತ್ತಿದ್ದೇನೆ.

ನಿಮ್ಮ,
ರಂಶೀನಾ


ಪೆರ್ಲ
27 ಜೂನ್ 2025

ರಂಶೀನಾ ಟೀಚರಿಗೆ,

ನಿಮ್ಮ ಅಜ್ಜಿ ಹಾಡುವುದನ್ನು ನಾನು ಕೇಳಿಲ್ಲ. ನಿಮ್ಮ ಅಪ್ಪನ ಮೇಲೆ ನನಗೆ ಬೇಜಾರಿಲ್ಲ. ಅವನು ಒಳ್ಳೆಯ ಕಂಡಕ್ಟರ್. ಇಳಿಯುವ ಮುದುಕರಿಗೆ ಕೈ ಕೊಡದೆ ಒಂದು ಸಲವೂ ಬೆಲ್ಲು ಹೊಡೆದವನಲ್ಲ.

ಇನ್ನು ಬರೆಯಬೇಡಿ. ನಮಿತಾಳ ಚೀಲದಲ್ಲಿ ಕಾಗದ ಕಳಿಸಲೂ ಬೇಡಿ. ಮಳೆ ಜೋರುಂಟು, ಕಣ್ಣೂ ಕಾಣುವುದಿಲ್ಲ.

ಗುಣಪಾಲ


ಮೊಗ್ರಾಲ್
16 ಸೆಪ್ಟೆಂಬರ್ 2025

ಗುಣಪಾಲಣ್ಣನವರಿಗೆ,

ಬರೆಯಬೇಡ ಎಂದಿದ್ದೀರಿ. ಇದೊಂದನ್ನು ಬರೆದು ನಿಲ್ಲಿಸುತ್ತೇನೆ.

ಹೋದ ವಾರ ನನ್ನ ತಮ್ಮ ಅಶ್ಕರನ ಮದುವೆ ಆಯಿತು. ನಮ್ಮದೇ ಮನೆಯ ಮದುವೆ, ಹಾಗಾಗಿ ಹೆಂಗಸರು ಹಾಡಲು ಕೂತಾಗ ಉಪ್ಪನಿಗೆ ಎಲ್ಲಿಗೂ ಹೋಗಲು ಆಗಲಿಲ್ಲ. ಅಂಗಳದಲ್ಲಿ ಕುರ್ಚಿ ಜೋಡಿಸುತ್ತಿದ್ದರು. ಒಳಗೆ ಒಬ್ಬರು ತೊಂಬತ್ತರ ಅಜ್ಜಿ, ಯಾರೂ ಹೇಳದೆಯೇ ಒಂದು ಹಾಡು ಎತ್ತಿದರು. ‘ಇದು ಐಸಮ್ಮ ಕೊನೆಗೆ ಹಾಡಿದ್ದು, ತೀರಿಕೊಂಡ ವರ್ಷದ ಮಳೆಗಾಲದ ಮದುವೆಯಲ್ಲಿ’ ಎಂದರು. ನಮ್ಮ ಮಾತಿನಲ್ಲಿ ಅದು ಬೇರೆ ಥರ ಕೇಳುತ್ತದೆ. ಕನ್ನಡದಲ್ಲಿ ಹೇಳುವುದಾದರೆ ಹೀಗೆ (ಮೋನೇ ಎಂದರೆ ಮಗನೇ):

ಹೊಳೆ ಕಡಲು ಸೇರುವಲ್ಲಿ ನೀರಿಗೆ ಎರಡು ರುಚಿ
ನನ್ನ ನಾಲಿಗೆಗೂ ಎರಡು ರುಚಿ ಮೋನೇ

ಅಷ್ಟೇ. ಅಲ್ಲಿಗೆ ಅವರಿಗೆ ಮರೆತುಹೋಯಿತು. ಎರಡೇ ಸಾಲನ್ನು ನಾಲ್ಕು ಸಲ ಹಾಡಿ, ಕೈ ತಟ್ಟುವುದನ್ನು ನಿಲ್ಲಿಸಿದರು. ಆಗ ನೋಡಿದರೆ ಉಪ್ಪ ಬಾಗಿಲಲ್ಲಿ ನಿಂತಿದ್ದರು. ಹೆಂಗಸರು ಹಾಡುವ ಕಡೆ ಗಂಡಸರು ಬರುವುದಿಲ್ಲ, ಅದೂ ಅವರು. ಒಂದು ಕೈಯಲ್ಲಿ ಮಡಚಿದ ಕುರ್ಚಿ ಹಾಗೆಯೇ ಇತ್ತು.

‘ಮತ್ತೆ ಎಂತ?’ ಎಂದು ಕೇಳಿದರು.

ಯಾರಿಗೂ ಗೊತ್ತಿರಲಿಲ್ಲ. ಉಪ್ಪ ಮತ್ತೆ ಕುರ್ಚಿ ಹಿಡಿದುಕೊಂಡು ಹೋದರು.

ನೀವು ಕೇಳಿಲ್ಲ ಎಂದು ಬರೆದಿದ್ದೀರಿ. ನಂಬುತ್ತೇನೆ. ಸುಮ್ಮನೆ ತಿಳಿಸಿದ್ದು.

ರಂಶೀನಾ


ಪೆರ್ಲ
11 ಅಕ್ಟೋಬರ್ 2025

ರಂಶೀನಾ,

ಟೀಚರ್ ಎಂದು ಇವತ್ತು ಬರೆಯುವುದಿಲ್ಲ. ನೀನು ಖಾಲಿದನ ಮಗಳು.

ಮೂರನೇ ಸಾಲು ಇದು: ‘ಉಪ್ಪಿನದ್ದನ್ನು ನಿನಗೆ ಉಗುಳಿದೆ, ಸಿಹಿಯದ್ದು ಬಾಯಲ್ಲೇ ಉಳಿಯಿತು.’

ಇದನ್ನು ಬರೆಯಲು ನನಗೆ ಇಪ್ಪತ್ತೈದು ದಿನ ಹಿಡಿಯಿತು. ನಿನ್ನ ಕಾಗದ ಬಂದ ದಿನವೇ ಬರೆಯಬಹುದಿತ್ತು, ಯಾಕೆಂದರೆ ಇದು ನನಗೆ ಮೂವತ್ತಾರು ವರ್ಷದಿಂದ ಬಾಯಿಪಾಠ. ಜೂನಿನಲ್ಲಿ ನಾನು ನಿನಗೆ ಸುಳ್ಳು ಬರೆದೆ. ಈಗ ನಡೆದದ್ದನ್ನು ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ.

ನಿನ್ನ ಅಪ್ಪ ಹೊರಟದ್ದು 89ರ ಮಾರ್ಚಿನಲ್ಲಿ. ಅವನ ಪೆಟ್ಟಿಗೆಯನ್ನು ಬಸ್ಸಿನ ಮೇಲಿಂದ ಇಳಿಸಿ ಕಾಸರಗೋಡಿನಲ್ಲಿ ರೈಲು ಹತ್ತಿಸಿದ್ದು ನಾನೇ. ‘ಹೋಗು ಮಾರಾಯ, ಇಲ್ಲಿ ಬೆಲ್ಲು ಹೊಡೆದು ಎಂತ ಮಾಡುತ್ತೀ?’ ಎಂದದ್ದೂ ನಾನೇ. ಆಮೇಲೆ ದಿನಾ ನಾಲ್ಕು ಸಲ ಮೊಗ್ರಾಲ್ ದಾಟುವಾಗ ಐಸಮ್ಮ ಕಂಡರೆ ಬೇರೆ ಕಡೆ ನೋಡುತ್ತಿದ್ದೆ.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಅವಳು ಸ್ಟಾಪಿನಲ್ಲಿ ನಿಂತು ಬಸ್ಸಿಗೆ ಕೈ ತೋರಿಸಿದಳು. ಬಸ್ಸು ಹತ್ತಲಿಲ್ಲ. ನನ್ನ ಬದಿಗೆ ಬಂದು ಕರವಸ್ತ್ರದಲ್ಲಿ ಸುತ್ತಿದ ಕ್ಯಾಸೆಟ್ಟನ್ನು ಕಿಟಕಿಯಿಂದ ಕೊಟ್ಟಳು. ಆಗ ಗಲ್ಫಿನವರಿಗೆ ಕಾಗದಕ್ಕಿಂತ ಕ್ಯಾಸೆಟ್ಟೇ ಹೋಗುತ್ತಿದ್ದದ್ದು ನಿನಗೆ ಗೊತ್ತಿರಬಹುದು. ಬರೆಯಲು ಬಾರದವರಿಗೆ ಅದೇ ಕಾಗದ. ಪೆರ್ಲದ ಒಬ್ಬರು ಹದಿನೈದು ದಿನ ಕಳೆದು ಶಾರ್ಜಾಕ್ಕೆ ಹೋಗುವವರಿದ್ದರು. ಅವರ ಕೈಗೆ ಕೊಡಬೇಕು, ಖಾಲಿದನಿಗೆ ತಲುಪಬೇಕು. ‘ಗುಣಪಾಲ, ಇದು ನಿನ್ನ ಜವಾಬ್ದಾರಿ’ ಎಂದಳು. ನಾನು ಆಯಿತು ಎಂದೆ.

ಆ ದಿನವೇ ಕೊಟ್ಟಿದ್ದರೆ ಮುಗಿಯುತ್ತಿತ್ತು. ಹದಿನೈದು ದಿನ ಉಂಟಲ್ಲ ಎಂದು ಡ್ಯಾಶಿನ ಮೇಲೆ ಇಟ್ಟೆ. ಮರುದಿನ ಸಿನೆಮಾ ಹಾಡಿನ ಕ್ಯಾಸೆಟ್ಟು ಕಚಪಚ ಎಂದಿತು, ಕೈಗೆ ಸಿಕ್ಕಿದ್ದು ಅದು. ಐಸಮ್ಮ ಹಾಡುಗಾರ್ತಿ ಎಂದು ಗೊತ್ತಿತ್ತು. ಹಾಡೇ ಇರಬಹುದು, ಎಂತದು ಎಂದು ನೋಡುವ ಎಂದು ಹಾಕಿದೆ. ಬೇರೆಯವರ ಕಾಗದ ಒಡೆಯಬಾರದು ಎಂಬ ಬುದ್ಧಿ ಐದನೇ ಕ್ಲಾಸಿನವನಿಗೂ ಇರುತ್ತದೆ. ಕ್ಯಾಸೆಟ್ಟಿಗೆ ಅಂಟು ಹಚ್ಚಿರುವುದಿಲ್ಲ, ಹಾಗಾಗಿ ಕಾಗದ ಎಂದು ಅನ್ನಿಸಲಿಲ್ಲ.

ಸೀತಾಂಗೋಳಿಯ ಹತ್ತಿರ ಇರಬೇಕು, ಅವಳ ದನಿ ಶುರುವಾಯಿತು. ಯಾವ ವಾದ್ಯವೂ ಇಲ್ಲ, ಅವಳ ಎರಡು ಕೈಯ ತಟ್ಟು ಮಾತ್ರ. ಬಸ್ಸು ತುಂಬ ಜನ. ಮೀನಿನ ಬುಟ್ಟಿಯ ಜಗಳ ನಡೆಯುತ್ತಾ ಇತ್ತು, ಅದು ನಿಂತಿತು. ಬದಿಯಡ್ಕದಲ್ಲಿ ಇಳಿಯಬೇಕಾದ ಹೆಂಗಸೊಬ್ಬಳು ಇಳಿಯದೆ ಕೂತಳು. ನಾನು ಸಿನೆಮಾ ಹಾಡು ಸಾವಿರ ಕೇಳಿದ್ದೇನೆ. ಅವು ಕಿವಿಗೆ ಬರುತ್ತವೆ, ಹೋಗುತ್ತವೆ. ಇದು ಬಂದು ಕೂತಿತು. ನನ್ನ ಅಮ್ಮ ನಾನು ಎರಡು ವರ್ಷದವನಿರುವಾಗ ಹೋದವಳು. ಯಾರೂ ನನಗಾಗಿ ಹಾಡಿದ್ದು ಇಲ್ಲ. ಸ್ಟೇರಿಂಗ್ ಹಿಡಿದುಕೊಂಡು, ಇದು ನನಗೇ ಹಾಡಿದ್ದು ಎಂದು ಎಣಿಸಿಕೊಂಡೆ. ನಿನ್ನ ಏಳನೇ ಪ್ರಶ್ನೆಗೆ ಇದೇ ಉತ್ತರ. ಎಂಟನೆಯದಕ್ಕೂ ಇದೇ.

ಹದಿನೈದು ದಿನವೂ ಹಾಕಿದೆ. ಆ ಶಾರ್ಜಾದವರು ನಾಳೆ ಹೊರಡುತ್ತಾರೆ ಎನ್ನುವಾಗ, ಇವತ್ತೊಂದು ಟ್ರಿಪ್ ಕೇಳಿ ಸಂಜೆ ಕೊಡುವ ಎಂದು ಮತ್ತೆ ಹಾಕಿದೆ. ಪೆರ್ಲದ ಚಡವಿನಲ್ಲಿ ದನಿ ದಪ್ಪವಾಯಿತು, ಗಂಡಸಿನ ಹಾಗೆ ಆಯಿತು, ಮತ್ತೆ ನಿಂತಿತು. ಟೇಪು ರೀಲನ್ನು ನುಂಗಿತ್ತು. ಬಸ್ಸನ್ನು ಬದಿಗೆ ಹಾಕಿ ಎಳೆದೆ. ನನಗೆ ಸಿಟ್ಟು ಬೇಗ ಬರುತ್ತದೆ, ಎಲ್ಲರಿಗೂ ಗೊತ್ತುಂಟು. ಸಿಟ್ಟಿನಲ್ಲಿ ಎಳೆದೆ. ನಾಲ್ಕು ಕಡೆ ತುಂಡಾಯಿತು.

ಶಾರ್ಜಾದವರು ಬರಿಗೈಯಲ್ಲಿ ಹೋದರು. ಐಸಮ್ಮನ ಹತ್ತಿರ ‘ಕೊಟ್ಟಿದ್ದೇನೆ’ ಎಂದೆ. ಅವಳು ಅಕ್ಟೋಬರಿನಲ್ಲಿ ಜ್ವರ ಬಂದು ಹೋಗುವವರೆಗೂ, ಬಸ್ಸು ಕಂಡರೆ ‘ಉತ್ತರ ಬಂತಾ?’ ಎಂದು ಕೈಯಲ್ಲೇ ಕೇಳುತ್ತಿದ್ದಳು. ನಾನು ಇಲ್ಲ ಎಂದು ತಲೆ ಆಡಿಸುತ್ತಿದ್ದೆ.

ಖಾಲಿದನಿಂದ ನನಗೆ ಕಾಗದ ಬಂತು. ‘ಉಮ್ಮ ಎಂತಾದರೂ ಹೇಳಿದ್ದಾರಾ? ಎಂತಾದರೂ ಕೊಟ್ಟಿದ್ದಾರಾ?’ ಎಂದು. ನಾನು ಬರೆದೆ: ‘ಎಂತದೂ ಹೇಳಲಿಲ್ಲ. ಎಂತದೂ ಕೊಡಲಿಲ್ಲ. ನಾವೆಲ್ಲ ಕ್ಷೇಮ.’ ನಾನು ಬರೆದ ಒಂದೇ ಕಾಗದ ಎಂದು ಮೊದಲು ಹೇಳಿದೆನಲ್ಲ, ಇದೇ ಅದು.

ನನಗೆ ಬೇಜಾರುಂಟು ಎಂದು ಅವನಿಗೆ ತೋರಿದ್ದು ಯಾಕೆಂದೂ ಗೊತ್ತುಂಟು. 92ರಲ್ಲಿ ರಜೆಯಲ್ಲಿ ಬಂದವನು ಮೊಗ್ರಾಲಿನ ಸ್ಟಾಪಿನಲ್ಲಿ ನಿಂತಿದ್ದ. ನನ್ನ ಬಸ್ಸು ಕಂಡು ಎರಡೂ ಕೈ ಎತ್ತಿದ, ನಗುತ್ತಿದ್ದ. ನಾನು ನಿಲ್ಲಿಸಲಿಲ್ಲ. ಸ್ಟಾಪಿನಲ್ಲಿ ಕೈ ತೋರಿಸಿದವನನ್ನು ಬಿಟ್ಟು ಹೋದದ್ದು ನನ್ನ ಸರ್ವಿಸಿನಲ್ಲಿ ಅದೊಂದೇ ಸಲ.

ಈ ಕಾಗದವನ್ನು ನಿನ್ನ ಅಪ್ಪನಿಗೆ ಕೊಡುತ್ತೀಯೋ, ಒಲೆಗೆ ಹಾಕುತ್ತೀಯೋ, ನಿನಗೆ ಬಿಟ್ಟದ್ದು. ಅದನ್ನು ತೀರ್ಮಾನಿಸುವ ಧೈರ್ಯ ನನಗಿಲ್ಲ. ಐಸಮ್ಮ ಸಿಟ್ಟಿನಲ್ಲಿ ಹೋಗಲಿಲ್ಲ, ಅಷ್ಟನ್ನಾದರೂ ಅವನಿಗೆ ಹೇಳು.

ಗುಣಪಾಲ


ಮೊಗ್ರಾಲ್
3 ನವೆಂಬರ್ 2025

ಗುಣಪಾಲಣ್ಣ,

ಮಗಳು ಕಾಗದ ಕೊಟ್ಟಳು. ಮೂರು ಸಲ ಓದಿದೆ.

ಒಂದು ಮಾತು. ನಾನೂ ಮೂವತ್ತು ವರ್ಷ ಗಲ್ಫಿನಲ್ಲಿ ಇದ್ದವನು. ಕ್ಯಾಸೆಟ್ಟು ಎಷ್ಟೋ ಕಂಡಿದ್ದೇನೆ. ಅದಕ್ಕೆ ಎರಡು ಬದಿ ಇರುತ್ತದೆ. ನೀವು ಬರೆದದ್ದು ಒಂದು ಬದಿಯ ಸಂಗತಿ ಮಾತ್ರ.

ಎರಡನೇ ಬದಿಯಲ್ಲಿ ಎಂತ ಇತ್ತು?

ಖಾಲಿದ್


ಪೆರ್ಲ
14 ಡಿಸೆಂಬರ್ 2025

ಖಾಲಿದಾ,

ನೀನು ಕೇಳಿಯೇ ಕೇಳುತ್ತಿ ಎಂದು ಗೊತ್ತಿತ್ತು. ಆ ಕಾಲದಲ್ಲೂ ಹಾಗೆಯೇ, ಎಲ್ಲ ಸೀಟು ನೋಡಿ ಮುಗಿದ ಮೇಲೂ ಹಿಂದಿನ ಸೀಟಿನಲ್ಲಿ ಟಿಕೆಟ್ಟಿಲ್ಲದೆ ಕೂತವನು ನಿನ್ನ ಕಣ್ಣಿನಿಂದ ತಪ್ಪುತ್ತಿರಲಿಲ್ಲ.

ಎರಡನೇ ಬದಿಯನ್ನು ನಾನು ಬಸ್ಸಿನಲ್ಲಿ ಹಾಕಲಿಲ್ಲ. ಅಷ್ಟು ಮಾತ್ರ ಮಾನ ಉಳಿಸಿದೆ. ಒಂದು ಮಧ್ಯಾಹ್ನ ಪೆರ್ಲದಲ್ಲಿ ಊಟಕ್ಕೆ ನಿಲ್ಲಿಸಿ ಜನರೆಲ್ಲ ಇಳಿದ ಮೇಲೆ, ಬುತ್ತಿ ಬಿಚ್ಚಿಕೊಂಡು ಒಬ್ಬನೇ ಕೂತು ಕೇಳಿದೆ. ಅದು ಹಾಡಲ್ಲ, ಮಾತು. ಒಂದೇ ಸಲ ಕೇಳಿದ್ದು. ಹಾಡಿಗಿಂತ ಇದು ಹೆಚ್ಚು ನೆನಪುಂಟು. ಅವಳು ಹೇಳಿದ್ದು ಇಷ್ಟು:

‘ಮೋನೇ, ನೀನು ಹೊರಟ ದಿನ ನಾನು ಅಡುಗೆ ಕೋಣೆಯ ಕಿಟಕಿಯಲ್ಲಿ ನಿಂತಿದ್ದೆ. ಗುಣಪಾಲನ ಬಸ್ಸು ತಿರುವು ದಾಟುವವರೆಗೆ ನೋಡಿದೆ. ನೀನು ತಿರುಗಿ ನೋಡಿದ್ದೂ ಕಂಡಿತು. ನಿನಗೆ ನಾನು ಕಾಣಲಿಲ್ಲ, ಯಾಕೆಂದರೆ ನಾನು ದೀಪ ಹಾಕಿರಲಿಲ್ಲ. ಉಮ್ಮಾ ಎಂದು ಕರೆಯಬೇಡ ಎಂದೆ. ಆ ಮಾತನ್ನು ನಾನು ನುಂಗಿದ್ದೇನೆ. ಐದು ತಿಂಗಳಾಯಿತು, ಯಾರ ಬಾಯಲ್ಲೂ ಆ ಶಬ್ದ ಕೇಳಿಲ್ಲ. ಈ ಬದಿಯಲ್ಲಿ ಇನ್ನು ನಾನು ಎಂತದೂ ಮಾತಾಡುವುದಿಲ್ಲ. ಜಾಗ ಬಿಟ್ಟಿದ್ದೇನೆ. ಅಲ್ಲಿ ಒಂದು ಸಲ ಕರೆದು, ಇದನ್ನೇ ವಾಪಸ್ ಕಳಿಸು.’

ಅಷ್ಟೇ. ಆಮೇಲೆ ಸೂ ಎಂದು ಖಾಲಿ ರೀಲು ತಿರುಗುತ್ತಾ ಇತ್ತು. ನಾನು ಆಫ್ ಮಾಡಲಿಲ್ಲ. ಆ ಬದಿ ಮುಗಿದು ಟಪ್ ಎಂದು ಬಟನ್ ಮೇಲೆ ಬರುವವರೆಗೆ ಕೂತೆ. ಅನ್ನ ತಿನ್ನಲಿಲ್ಲ.

ಇದನ್ನು ಕೇಳಿದ ಮೇಲೂ ಕ್ಯಾಸೆಟ್ಟನ್ನು ಕೊಡದೆ ಇಟ್ಟುಕೊಂಡವನು ನಾನು. ಮಗಳಿಗೆ ಬರೆದ ಕಾಗದದಲ್ಲಿ ಇದನ್ನು ಬಿಟ್ಟದ್ದು ಅದಕ್ಕೇ. ರೀಲು ತುಂಡಾದದ್ದು ಟೇಪಿನ ತಪ್ಪು ಎಂದು ಹೇಳಬಹುದು. ಇದು ಹಾಗಲ್ಲ.

ಆ ರೀಲನ್ನು ಎಂತ ಮಾಡಿದೆ ಎಂದು ನೀನು ಕೇಳಲಿಲ್ಲ. ಅದನ್ನೂ ಹೇಳಿ ಮುಗಿಸುತ್ತೇನೆ. ತುಂಡುಗಳನ್ನು ಜೇಬಿನಲ್ಲಿ ತುರುಕಿ ಮನೆಗೆ ತಂದಿದ್ದೆ. ಆಗ ನಮ್ಮ ಗದ್ದೆಯಲ್ಲಿ ಏಣೆಲು, ಮಳೆಗಾಲದ ಭತ್ತ, ತೆನೆ ಬಿಟ್ಟಿತ್ತು, ಗಿಳಿಗಳ ಉಪದ್ರ. ಹಾಳಾದ ಕ್ಯಾಸೆಟ್ಟಿನ ರೀಲನ್ನು ಗದ್ದೆಗೆ ಅಡ್ಡ ಎಳೆದು ಕಟ್ಟುವ ಕ್ರಮ ಇತ್ತು. ಬಿಸಿಲಿಗೆ ಮಿಂಚುತ್ತದೆ, ಗಾಳಿಗೆ ಗುಂಯ್ ಎನ್ನುತ್ತದೆ, ಗಿಳಿ ಹೆದರುತ್ತದೆ. ರಾಜೀವಿ, ನನ್ನ ಹೆಂಡತಿ, ನಿನಗೆ ಅವಳ ಗುರುತುಂಟಲ್ಲ, ಜೇಬು ನೋಡಿ, ‘ಒಳ್ಳೆದಾಯಿತು, ಕಟ್ಟಿ ಬನ್ನಿ’ ಎಂದಳು. ಬೇಡ ಎಂದರೆ ಯಾಕೆ ಎಂದು ಹೇಳಬೇಕು. ನಾನು ಹೋಗಿ ಕಟ್ಟಿದೆ. ಗೂಟದಿಂದ ಗೂಟಕ್ಕೆ ನಿನ್ನ ಉಮ್ಮನನ್ನು ಕಟ್ಟಿದೆ ಖಾಲಿದಾ.

ಕೊಯ್ಲಿನವರೆಗೆ ಅದು ಗಾಳಿಗೆ ಗುಂಯ್ ಎನ್ನುತ್ತಿತ್ತು. ಅವಳು ಸತ್ತ ಸುದ್ದಿಯನ್ನು ಮೊಗ್ರಾಲಿನ ಸ್ಟಾಪಿನಲ್ಲಿ ಯಾರೋ ಹೇಳಿದ ದಿನ ನಾನು ಮನೆಗೆ ಬಂದೆ, ಅದು ಅಲ್ಲಿ ಗುಂಯ್ ಎನ್ನುತ್ತಾ ಇತ್ತು. ಗದ್ದೆಗೆ ನಾನು ಮತ್ತೆ ಇಳಿಯಲಿಲ್ಲ. ರಾಜೀವಿಗೆ ಉದಾಸೀನ ಎಂದು ತೋರಿತು, ಎಷ್ಟೋ ಬೈದಳು. ಎರಡು ವರ್ಷದ ಹಿಂದೆ ಅವಳೂ ಹೋದಳು. ಅವಳಿಗೂ ಹೇಳಲಿಲ್ಲ.

ಈಗ ಕಿವಿಯ ಸಂಗತಿ. ಡಾಕ್ಟರು ಎಂತೆಂತದೋ ಹೆಸರು ಹೇಳಿದರು. ನನಗೆ ಗೊತ್ತಿರುವುದು ಇಷ್ಟು: ಹಗಲೂ ರಾತ್ರಿ ಕಿವಿಯೊಳಗೆ ಸೂ ಎಂದು ಒಂದೇ ಸದ್ದು. ಅದು ಯಾವ ಸದ್ದು ಎಂದು ಡಾಕ್ಟರಿಗೆ ಗೊತ್ತಿಲ್ಲ. ನನಗೆ ಗೊತ್ತುಂಟು, ಪೆರ್ಲದಲ್ಲಿ ಕೂತು ಪೂರಾ ಕೇಳಿದ್ದೇನೆ.

ಆ ಸದ್ದಿನ ನಡುವೆ ಹಾಡು ಇನ್ನೂ ಉಂಟು. ಮೂರು ಚರಣ. ಮೊದಲನೆಯದು ನಿನ್ನ ಮಗಳ ಹತ್ತಿರ ಈಗ ಪೂರ್ತಿ ಉಂಟು. ಎರಡನೆಯದು ಭರತ ಇಳಿತದ್ದು, ಮೂರನೆಯದು ನೀನು ಬಿಟ್ಟು ಹೋದ ಚಪ್ಪಲಿಯದ್ದು. ಶಬ್ದ ಬರೆದು ಕೊಡಬಹುದು. ರಾಗವನ್ನು ನಾನು ಎಲ್ಲಿ ಬರೆಯಲಿ? ನಮಿತಾ ಅವಳ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು, ‘ಹಾಡಿ ಮಾವ, ಕಳಿಸುತ್ತೇನೆ’ ಎಂದಳು. ಹಾಡಿದೆ. ಹಟ್ಟಿಯಲ್ಲಿ ದನ ಎದ್ದು ನಿಂತಿತು. ನನ್ನ ದನಿ ಚಂದ ಇಲ್ಲ, ಅದು ಹಾಗಿರಲಿ. ನಾನು ಹಾಡಿದ್ದು ಸರಿಯೋ, ನಡುವೆ ಎಲ್ಲಿ ಜಾರಿತೋ, ನನಗೇ ಕೇಳಿಸುವುದಿಲ್ಲ. ತಪ್ಪಾದದ್ದನ್ನು ಮೊಬೈಲಿನಲ್ಲಿ ಇಟ್ಟರೆ ಆಮೇಲೆ ಅದೇ ಐಸಮ್ಮನ ಹಾಡು ಆಗುತ್ತದೆ. ಅಳಿಸು ಎಂದೆ. ಇನ್ನೊಂದು ಸಲ ನಾನು ಅವಳನ್ನು ಕೆಡಿಸುವುದಿಲ್ಲ.

ಅವಳು ತೊಟ್ಟಿಲು ತೂಗಿ ಹಾಡುವಾಗ ಕೇಳಿದವನು, ಅವಳ ರಾಗದ ಕ್ರಮ ಗೊತ್ತಿರುವವನು ನೀನು. ಎದುರು ಕೂತು, ಇಲ್ಲಿ ತಪ್ಪಿತು, ಇಲ್ಲಿ ಎಳೆಯಬೇಕು ಎಂದು ನನ್ನ ಮೊಣಕಾಲಿಗೆ ತಟ್ಟಿ ಹೇಳಬೇಕಾದವನು ನೀನು. ಬೇರೆ ಯಾರಿಗೂ ಅದು ಆಗುವುದಿಲ್ಲ. ನಾನು ಸತ್ತರೆ, ಅಥವಾ ನಿನಗೆ ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ, ಅದು ಹೋಯಿತು. ಹೋದರೂ ನಿನ್ನನ್ನು ದೂರುವುದಿಲ್ಲ. ಕ್ಷಮೆ ಕೇಳಲು ನಾನು ಬರುವುದಲ್ಲ. ಕ್ಷಮಿಸು ಎಂದು ಎಲ್ಲಿಯೂ ಬರೆದಿಲ್ಲ, ನೋಡು. ನಿನ್ನ ಸಾಮಾನು ನನ್ನ ಹತ್ತಿರ ಉಂಟು, ತಂದು ಕೊಡುವುದು.

ಈ ಕವರಿನಲ್ಲಿ ಒಂದು ಪೋಸ್ಟ್ ಕಾರ್ಡ್ ಇಟ್ಟಿದ್ದೇನೆ. ನನ್ನ ವಿಳಾಸ ನಾನೇ ಬರೆದಿದ್ದೇನೆ. ಇನ್ನೊಂದು ಬದಿಯಲ್ಲಿ ಜಾಗ ಉಂಟು. ಬಾ ಎಂದೋ, ಬರಬೇಡ ಎಂದೋ ಬರೆ. ಬಾ ಎಂದಾದರೆ ಬೆಳಗ್ಗಿನ ಮೊದಲ ಬಸ್ಸಿನಲ್ಲಿ ಬರುತ್ತೇನೆ. ಹೆದ್ದಾರಿ ಅಗಲ ಮಾಡಿ ಮೊಗ್ರಾಲಿನ ಹಳೇ ಸ್ಟಾಪು ಕಿತ್ತು ಹಾಕಿದ್ದಾರೆ ಎಂದು ನಮಿತಾ ಹೇಳಿದಳು. ಈಗ ಬಸ್ಸು ಎಲ್ಲಿ ನಿಲ್ಲಿಸುತ್ತಾರೆ ಎಂದೂ ಬರೆ.

ಬಲಕಿವಿಯೂ ಪೂರ್ತಿ ಹೋದರೆ ನೀನು ತಿದ್ದುವುದು ನನಗೆ ಕೇಳಿಸುವುದಿಲ್ಲ, ಹಾಗಾಗಿ ಜನವರಿ ಹತ್ತರ ಒಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ಗುಣಪಾಲ